ಪೀರನವಾಡಿಯ ಕವಲಿನಲ್ಲಿ

ಬೆಳಗಾವಿಯ ದಕ್ಷಿಣಕ್ಕೆ, ಖಾನಾಪುರದ ಹೆದ್ದಾರಿಯಲ್ಲಿ, ಪೀರನವಾಡಿಯೆಂಬ ಊರುಂಟು. ಅದನ್ನು ನೋಡಲೆಂದೇ ಹೋಗುವವರು ವಿರಳ. ದಾಟಿ ಹೋಗುವವರೇ ಬಹಳ. ಇಲ್ಲಿ ದಾರಿ ಕವಲೊಡೆಯುತ್ತದೆ. ನೇರವಾಗಿ ನಡೆದರೆ ಮಚ್ಛೆ, ಖಾನಾಪುರ; ಪಡುವಣಕ್ಕೆ ತಿರುಗಿದರೆ ಜಾಂಬೋಟಿ, ಕಣಕುಂಬಿ, ಮುಂದೆ ಚೋರ್ಲಾ ಘಟ್ಟವನ್ನಿಳಿದು ಗೋವೆ. ನಮ್ಮ ಮಲಪ್ರಭೆ ಹುಟ್ಟುವುದು ಆ ಕಣಕುಂಬಿಯಲ್ಲಿಯೇ. ಹಿಂದೆ ಉದ್ಯಮಬಾಗದ ಎರಕದ ಕಾರ್ಖಾನೆಗಳು, ಮುಂದೆ ಗದ್ದೆ ಮತ್ತು ಅಡವಿ. ಎರಡಕ್ಕೂ ನಡುವಣ ಹೊಸ್ತಿಲಿನಂತಿರುವ ಈ ಊರಿನಲ್ಲಿ ನಾವು ಕಳೆದ ಕಾರ್ತಿಕದ ಒಂದು ಮಧ್ಯಾಹ್ನವನ್ನು ಕಳೆಯಬೇಕಾಯಿತು.

ಜಾಂಬೋಟಿಯಲ್ಲಿ ನಮ್ಮ ಅಕ್ಕನವರಿದ್ದಾರೆ. ಮರುದಿನ ಬೆಳಿಗ್ಗೆ ಬೆಳಗಾವಿಯಲ್ಲಿ ಅವರ ಕಣ್ಣಿನ ಶಸ್ತ್ರಕ್ರಿಯೆ ಗೊತ್ತಾಗಿದ್ದಿತು. ಅವರನ್ನು ಕರೆತರಲೆಂದು ನಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ ಹೊರಟಿದ್ದೆವು. ಕಾರಿಗೆ ಕೆಲವು ದಿನಗಳಿಂದ ಒಂದು ರೋಗ: ಮೆಲ್ಲಗೆ ನಡೆಸಿದರೆ ಸಾಧುವಾಗಿ ನಡೆಯುವುದು, ವೇಗಕ್ಕೆಂದು ಎಕ್ಸಲೇಟರನ್ನು ಒತ್ತಿದರೆ ಬಲಗುಂದಿ ಮುಗ್ಗರಿಸುವುದು. ನಗರದ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿ, ಪೆಟ್ರೋಲು ಸಾಲದೆಂದು ತೋರಿಸುತ್ತಿದೆ, ಪಂಪನ್ನೇ ಬದಲಿಸಬೇಕು ಎಂದಿದ್ದರು. ಬೆಲೆಯನ್ನು ಕೇಳಿ ನಾವು ಹಿಂದೆಗೆದೆವು. ಮೆಲ್ಲಗೆ ಹೋದರಾಯಿತೆಂದು ಸಮಾಧಾನ ತಂದುಕೊಂಡೆವು. ಆ ಸಮಾಧಾನವು ಎಂತಹ ಅವಿವೇಕವೆಂಬುದು ಜಾಂಬೋಟಿಯ ದಾರಿಯ ಮೊದಲ ಏರಿನಲ್ಲಿಯೇ ತಿಳಿಯಿತು. ಕಬ್ಬು ಹೇರಿದ ಟ್ರ್ಯಾಕ್ಟರನ್ನು ದಾಟಲೆಂದು ಬಲಕ್ಕೆ ಸರಿದೆವು. ಕಾರು ಅಲ್ಲಿಯೇ ಬಲಗುಂದಿತು. ಎದುರಿಗೆ ಲಾರಿ! ಟ್ರ್ಯಾಕ್ಟರಿನವನು ಮಣ್ಣಿಗಿಳಿದು ದಾರಿ ಕೊಟ್ಟುದರಿಂದ ಬದುಕಿದೆವು. ಪಕ್ಕದಲ್ಲಿದ್ದ ಮನೆಯವರು ಬಹಳ ಹೊತ್ತು ಮಾತೇ ಆಡಲಿಲ್ಲ. ತಿರುಗಿ ಪೀರನವಾಡಿಗೆ ಬಂದು, ಹೆದ್ದಾರಿಯ ಬದಿಯ ಒಂದು ತಗಡಿನ ಚಪ್ಪರದ ಗ್ಯಾರೇಜಿನೆದುರು ನಿಂತೆವು.

ಅಲ್ಲಿನ ಮಿಸ್ತ್ರಿ ನಮ್ಮ ಶಿಷ್ಯರ ವಯಸ್ಸಿನ ಹುಡುಗ. ಹೊಸ ಪಂಪು ತರಿಸುವೆಯಾ ಎಂದುದಕ್ಕೆ ಅವನು ನಕ್ಕು, “ಕಾಕಾ, ಗಾಡಿಗೆ ಉಸಿರು ಕಟ್ಟೈತೋ, ಹಸಿವಿ ಆಗೈತೋ, ಮೊದಲ ಅದನ್ನ ನೋಡೂಣ್ರಿ. ಸಾಮಾನು ಆಮ್ಯಾಲ ತರೂಣು” ಎಂದನು.

ಅವನು ನೋಡಿದ ಕ್ರಮವನ್ನು ವಾಚಕರಿಗೆ ಹೇಳಲೇಬೇಕು. ಎಂಜಿನಿನ ಸದ್ದು ಏರಿಯೂ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ಅರ್ಥ. ನಮ್ಮದರಲ್ಲಿ ಎಂಜಿನೇ ಏರುತ್ತಿರಲಿಲ್ಲ. ಬ್ರೇಕು ಹಿಡಿದುಕೊಂಡಿದ್ದರೆ ಚಕ್ರದ ನಡುಭಾಗ ಕಾದಿರುತ್ತದೆ. ಹತ್ತಿರ ಕೈಯಿಟ್ಟು ನೋಡಿದನು, ಕಾವಿರಲಿಲ್ಲ. ಗಾಳಿಯ ಫಿಲ್ಟರನ್ನು ತೆಗೆದನು; ಕೆಂಧೂಳು ತುಂಬಿತ್ತು. ಇದೇ ಕಾರಣವೆಂದು ನಾವು ಹಿಗ್ಗಿದೆವು. ಅವನು ಅದನ್ನು ಹೊರಗಿಟ್ಟೇ ಎಂಜಿನನ್ನು ಏರಿಸಿದನು, ಮುಗ್ಗರಿಸುವುದು ತಪ್ಪಲಿಲ್ಲ. ಬಳಿಕ ಪ್ಲಗ್ಗುಗಳನ್ನು ಬಿಚ್ಚಿದನು. ಅವುಗಳ ತುದಿ ತಿಳಿಗಂದಾಗಿದ್ದರೆ ಆರೋಗ್ಯ, ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಕಡಿಮೆ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಂತೆ. ನಮ್ಮ ಪ್ಲಗ್ಗುಗಳೆಲ್ಲ ಬಿಳಿಚಿದ್ದವು. ಉಸಿರಿನದಲ್ಲ, ಹಸಿವೆಯ ರೋಗವೆಂದು ಸಿದ್ಧವಾಯಿತು.

ಸ್ಕ್ಯಾನರೂ ಇದನ್ನೇ ಹೇಳಿದ್ದಿತಲ್ಲವೆ? ಹೇಳಿದ್ದಿತು, ಆದರೆ ಅದು ಹೇಳಿದ್ದು ಹಸಿವೆಯನ್ನು, ಹಸಿವೆಯ ಕಾರಣವನ್ನಲ್ಲ. ಅನ್ನವಿಲ್ಲದೆ ಹಸಿದವನೂ ಗಂಟಲು ಕಟ್ಟಿ ಹಸಿದವನೂ ನೋಡುವುದಕ್ಕೆ ಒಂದೇ. ಹುಡುಗನು ಬೀಡಿ ಹಚ್ಚಿದ್ದವರನ್ನು ದೂರ ಕಳುಹಿಸಿ, ಕೊಳವೆಯ ಒತ್ತಡವನ್ನು ಇಳಿಸಿ, ಪೆಟ್ರೋಲಿನ ಫಿಲ್ಟರಿಗೆ ಮುಂಚೆ ಒಮ್ಮೆ, ಅದನ್ನು ದಾಟಿದ ಮೇಲೆ ಒಮ್ಮೆ ಒತ್ತಡದ ಗೇಜನ್ನು ಜೋಡಿಸಿ ನೋಡಿದನು. ಎಂಜಿನನ್ನು ಏರಿಸಿದಾಗ ಮುಂಚಿನ ಮುಳ್ಳು ಅಲುಗದೆ ನಿಂತಿತು. ದಾಟಿದ ಮೇಲಿನ ಮುಳ್ಳು ಕುಸಿಯಿತು. ಪಂಪು ನಿರ್ದೋಷಿ! ಫಿಲ್ಟರನ್ನು ಬಿಚ್ಚಿ ಬಿಳಿಯ ಬಟ್ಟಲಿನಲ್ಲಿ ಹಿಮ್ಮುಖವಾಗಿ ಬಗ್ಗಿಸಿದಾಗ ಬಂದುದು ತುಕ್ಕಿನ ಕೆಸರು.

ತುಕ್ಕು ಎಲ್ಲಿಂದ ಬಂತೆಂದು ಅವನು ಕೇಳಿದಾಗ ನಾವು ನಾಚಬೇಕಾಯಿತು. ಮಳೆಗಾಲವೆಲ್ಲ ಕಾರನ್ನು ಟಾಕಿ ಬರಿದಾಗಿಯೇ ನಿಲ್ಲಿಸಿದ್ದೆವು. ಬರಿದಾದ ಕಬ್ಬಿಣದ ಟಾಕಿಯಲ್ಲಿ ತೇವ ಕೂತು ತುಕ್ಕು ಹಿಡಿಯಿತು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲಿಗೆ ನೀರನ್ನು ಹೀರುವ ಗುಣ ಬೇರೆ. ಫಿಲ್ಟರನ್ನಂತೂ ಕೊಂಡಂದಿನಿಂದ ಬದಲಿಸಿರಲಿಲ್ಲ. ಆದುದರಿಂದಲೇ ಅವನು ಹೊಸ ಫಿಲ್ಟರನ್ನು ಬಾಣದ ಗುರುತು ಎಂಜಿನಿನ ಕಡೆಗಿರುವಂತೆ ಹಾಕುವುದಕ್ಕೆ ಮೊದಲು ಟಾಕಿಯನ್ನು ಇಳಿಸಿ ತೊಳೆದನು. ಇಲ್ಲವಾದರೆ ತಿಂಗಳೊಳಗೆ ಮತ್ತೆ ಅದೇ ಪಾಡು. ಖರ್ಚು ಪಂಪಿನ ಬೆಲೆಗಿಂತ ಬಹಳ ಕಡಿಮೆಯಾಯಿತು.

ನಾವು ಅನೇಕ ವರ್ಷ ಮಕ್ಕಳಿಗೆ ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳನ್ನು ಬೋಧಿಸಿದವರು. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಅದಿಲ್ಲದಲ್ಲಿ ಇದೂ ಇರಬಾರದು. ಹೊಗೆ ಬೆಂಕಿಗಳ ದೃಷ್ಟಾಂತವನ್ನು ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಆದರೆ ಧೂಳಿನ ಫಿಲ್ಟರನ್ನು ಕಂಡೊಡನೆ ಅದೇ ಕಾರಣವೆಂದು ಹಿಗ್ಗಿದವರು ನಾವು. ತೆಗೆದಿಟ್ಟು ಪರೀಕ್ಷಿಸಿದವನು ಆ ಹೆಸರುಗಳನ್ನೇ ಕೇಳಿರದ ಹುಡುಗ. ಶಾಸ್ತ್ರ ನಮ್ಮ ನಾಲಗೆಯಲ್ಲಿದ್ದಿತು, ಅವನ ಕೈಯಲ್ಲಿದ್ದಿತು.

ದೀಪ ಹಚ್ಚುವ ಹೊತ್ತಿಗೆ ಜಾಂಬೋಟಿಯ ಏರನ್ನು ಮತ್ತೆ ಹತ್ತಿದೆವು. ಕಾರು ಸರಾಗವಾಗಿ ಹತ್ತಿತು. ಆದರೂ ಮುಂದೆ ಕಂಡ ಟ್ರ್ಯಾಕ್ಟರನ್ನು ನಾವು ದಾಟಲಿಲ್ಲ. ಮನೆಯವರು ಕೇಳಿದ್ದರಿಂದ ಅದರ ಹಿಂದೆಯೇ ಹೋದೆವು. ಅಕ್ಕನವರು ಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕಾದಿದ್ದರು. “ಇಷ್ಟು ತಡ ಯಾಕಾತೋ?” ಎಂದರು. ಪೀರನವಾಡಿಯಲ್ಲಿ ಪಾಠಕ್ಕೆ ಕೂತಿದ್ದೆವೆಂದು ಹೇಳಿದೆವು.