ಬೀಜದ ಮುಡಿ

ತೆಗೆದಿಡುವುದನ್ನು ನಮ್ಮ ಕುಂದಾಪುರದ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಗೆ ಬಂತೆಂದರೆ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಒಣಕಟ್ಟಿಗೆ ಎಂದು ಮಳೆಗಾಲಕ್ಕೆ ಬೇಕಾದದ್ದೆಲ್ಲ ತನ್ನಷ್ಟಕ್ಕೆ ಒಳಗೆ ಸೇರುತ್ತದೆ. ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಮಾತ್ರ, ಎಲ್ಲವೂ ಅದರ ಹೊಟ್ಟೆಯೊಳಗೇ ಇದೆಯಲ್ಲ ಎಂಬ ನಿಶ್ಚಿಂತೆ. ಅದೂ ಸಿಡಿಲು, ಉಪ್ಪುಗಾಳಿ, ಗಳಿಗೆಗೊಮ್ಮೆ ಹೋಗಿಬರುವ ಕರೆಂಟಿನ ಈ ಊರಿನಲ್ಲಿ!

ನಮ್ಮದು ಹಳೆಯ ಕಂಪ್ಯೂಟರು. ವಿಂಡೋಸ್ 7ಕ್ಕೆ ಭದ್ರತೆಯ ತಿದ್ದುಪಡಿಗಳು ಬರುವುದು 2020ರ ಜನವರಿ 14ಕ್ಕೆ ನಿಂತಾಗ, ಅದನ್ನು ಗುಜರಿಗೆ ಹಾಕುವ ಬದಲು ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಲಿನಕ್ಸ್ ಎಂದರೆ 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿ, ಆಮೇಲೆ ಲೋಕದ ಸಾವಿರಾರು ಜನ ಕೈಸೇರಿಸಿ ಬೆಳೆಸಿದ್ದು. ಮಿಂಟಿಗೆ ದುಡ್ಡು ಕೊಡಬೇಕಾಗಿಲ್ಲ. ಯಾರಿಗೆ ಬೇಕಾದರೂ ಹಂಚಬಹುದು. ಕೆ.ಪಿ. ರಾಯರ ಕ್ರಮದ ಕಗಪ ಕೀಲಿಮಣೆಯೂ ಅದರಲ್ಲೇ ಇದೆ. ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ನಮ್ಮ ನೆರೆಯವರೇ ಎನ್ನಿ.

ಮಗ ಹೊರಡುವಾಗ ಟೈಮ್‌ಶಿಫ್ಟ್ ಎಂಬುದೊಂದನ್ನು ತೋರಿಸಿ, "ಅಮ್ಮ, ಎಂತ ಹಾಳಾದ್ರೂ ಇದ್ರಲ್ಲಿ ನಿನ್ನೆಗೆ ವಾಪಸ್ ಹೋಯ್ಲಕ್" ಎಂದ. ಹೊಸ ತಿದ್ದುಪಡಿ ಹಾಕುವ ಮೊದಲು ಅದರಲ್ಲೊಂದು ಪ್ರತಿ ತೆಗೆದಿಟ್ಟರೆ, ಆಮೇಲೆ ಪರದೆ ಮುಷ್ಕರ ಹೂಡಿದರೂ ಹಿಂದಿನ ಸ್ಥಿತಿಗೆ ಮರಳಬಹುದು. ಎಷ್ಟೋ ಸಲ ಅದು ನನ್ನ ಮಾನ ಉಳಿಸಿದೆ. ಆದರೆ ನಾವಾಗಿ ಹೇಳದ ಹೊರತು ಅದು ‘ಹೋಮ್’ ಎಂಬ ಕೋಣೆಯೊಳಗಿನ ನಮ್ಮ ಫೋಟೋ, ಪತ್ರ, ಹಾಡುಗಳನ್ನು ಮುಟ್ಟುವುದಿಲ್ಲ. ಮನೆಯ ಮಾಡು ಗೋಡೆಗಳನ್ನು ಕಟ್ಟಿಕೊಡುತ್ತದೆ. ಪೆಟ್ಟಿಗೆಯೊಳಗಿನ ಸೀರೆ ನಮ್ಮದೇ ಜವಾಬ್ದಾರಿ.

ನನ್ನ ಪೆಟ್ಟಿಗೆಯೊಳಗಿದ್ದುದು ಅತ್ತೆಯವರ ಧ್ವನಿ. ಕೊನೆಯ ವರ್ಷ ಅವರು ಅಡುಗೆಮನೆಯಲ್ಲಿ ಕೂತು ಹೇಳಿದ ಸೋಬಾನೆ, ನಟ್ಟಿಯ ಹಾಡು, ಹಾಲುಬಾಯಿ ಮಾಡುವ ಕ್ರಮ, ನಡುನಡುವೆ ಕೆಮ್ಮು, ನಗು. ರೆಕಾರ್ಡು ಮಾಡಿದ ಫೋನೂ ಈಗಿಲ್ಲ, ಅವರೂ ಇಲ್ಲ.

ಅಪ್ಪಯ್ಯ ಬೀಜದ ಭತ್ತದ ಮುಡಿಗಳನ್ನೆಲ್ಲ ಒಂದೇ ಅಟ್ಟದಲ್ಲಿ ಇಡುತ್ತಿರಲಿಲ್ಲ. ಒಂದು ಮುಡಿ ದೊಡ್ಡಪ್ಪನ ಮನೆಗೆ ಹೋಗುತ್ತಿತ್ತು. ಅದೇ ಲೆಕ್ಕದಲ್ಲಿ ನಾನು ಮೂರು ಪ್ರತಿ ಮಾಡಿದೆ: ಒಂದು ಹೊರಗಿನ ಡಿಸ್ಕು ನಮ್ಮ ಕಪಾಟಿನಲ್ಲಿ, ಇನ್ನೊಂದು ಬೈಂದೂರಿನಲ್ಲಿ ತಮ್ಮನ ಮನೆಯಲ್ಲಿ, ಒಂದು ಪೆನ್‌ಡ್ರೈವು ಬ್ರಹ್ಮಾವರದ ನಾದಿನಿಯ ಹತ್ತಿರ. "ಹಾಡಿಗೆ ಇಷ್ಟೆಲ್ಲ ಕಾವಲಾ?" ಎಂದು ಇವರು ನಕ್ಕಿದ್ದರು.

ಒಂದು ಮೇ ತಿಂಗಳ ಸಂಜೆ, ಮುಂಗಾರಿಗೆ ಮೊದಲಿನ ಸಿಡಿಲು ಕಂಪ್ಯೂಟರಿನ ಡಿಸ್ಕನ್ನು ಸುಟ್ಟಿತು. ರಿಪೇರಿಯ ಹುಡುಗ, "ಅಕ್ಕ, ಇದ್ರಲ್ಲಿ ಎಂತದೂ ಸಿಕ್ಕುದಿಲ್ಲ" ಎಂದ. ಟೈಮ್‌ಶಿಫ್ಟಿನ ಪ್ರತಿಗಳೂ ಅದರ ಜೊತೆಗೇ ಹೋದವು. ಹೋದರೆ ಹೋಗಲಿ, ಮಿಂಟ್ ಅಂಗಡಿಯ ಅಕ್ಕಿಯ ಹಾಗೆ, ಮತ್ತೆ ಸಿಗುತ್ತದೆ, ಅದೂ ಪುಕ್ಕಟೆ. ಹೊಸ ಡಿಸ್ಕಿನಲ್ಲಿ ಮಿಂಟ್ ಕೂತದ್ದೂ ಆಯಿತು. ಕಪಾಟಿನ ಡಿಸ್ಕು ಹಾಕಿ ನೋಡಿದರೆ ಟಿಕ್ ಟಿಕ್ ಎಂದಿತು, ತೆರೆಯಲಿಲ್ಲ. ಬ್ರಹ್ಮಾವರದ ಪೆನ್‌ಡ್ರೈವಿನಲ್ಲಿ ಹೆಸರುಗಳಿದ್ದವು, ಧ್ವನಿ ಇರಲಿಲ್ಲ. ನಗುತ್ತಿದ್ದ ಇವರೂ ಸುಮ್ಮನಾದರು.

ರಾತ್ರಿ ಒಂಬತ್ತಕ್ಕೆ ಬೈಂದೂರಿನಿಂದ ತಮ್ಮ ಫೋನು ಮಾಡಿ, ಏನೂ ಹೇಳದೆ ಕಂಪ್ಯೂಟರಿನ ಪಕ್ಕ ಹಿಡಿದ. "ಬೆಲ್ಲ ಕಡ್ಮಿ ಆಯ್ತ್ ಹೆಣ್ಣೆ, ಇನ್ನೊಂದ್ ಚೂರ್ ಹಾಕ್."

ಈಗ ಅಮಾವಾಸ್ಯೆಗೊಮ್ಮೆ ಪ್ರತಿ ಮಾಡುತ್ತೇನೆ. ಮಾಡಿದ ಮೇಲೆ ಒಂದೆರಡನ್ನು ತೆರೆದು ಕೇಳಿಯೇ ಡಿಸ್ಕನ್ನು ಕಳಚುವುದು. ಭರಣಿಯ ಮುಚ್ಚಳ ತೆಗೆದು ನೋಡದೆ ಉಪ್ಪಿನಕಾಯಿ ಚೆನ್ನಾಗಿದೆ ಎನ್ನಲಾದೀತೆ? ಬ್ರಹ್ಮಾವರಕ್ಕೂ ಹೊಸ ಡಿಸ್ಕು ಹೋಗಿದೆ. ನಾದಿನಿ ತನ್ನ ಮದುವೆಯ ಫೋಟೋಗಳ ಒಂದು ಪ್ರತಿಯನ್ನು ನಮ್ಮಲ್ಲಿಗೆ ಕಳಿಸಿದ್ದಾಳೆ.