ನಾಂದಣಿಯ ಹಿತ್ತಲಿನ ಅತಿಥಿಗಳು

ಮಾಘ ಮಾಸ ಮುಗಿಯುತ್ತ ಬಂದಂತೆ ಶಿರೋಳ ತಾಲೂಕಿನ ಕರಿನೆಲದ ಮೇಲೆ ಬೆಳಗಿನ ಚಳಿ ಸಡಿಲಗೊಳ್ಳುತ್ತದೆ. ಕೃಷ್ಣಾ ಮತ್ತು ಪಂಚಗಂಗಾ ನದಿಗಳು ಕೂಡುವ ಈ ಸೀಮೆಯಲ್ಲಿ ಅದು ಕಬ್ಬಿನ ಕಟಾವಿನ ಕಾಲ, ಶಾಳುವಿನ ತೆನೆ ಬಲಿಯುವ ಕಾಲ. ಜೈಸಿಂಗಪುರದ ನೆರೆಯ ನಾಂದಣಿಯನ್ನು ಹೊರಗಿನವರು ಜಿನಸೇನ ಭಟ್ಟಾರಕರ ಮಠದಿಂದ ಬಲ್ಲರು. ಅದೇ ಊರನ್ನು ಹಿತ್ತಲ ಬಾಗಿಲಿನಿಂದ ನೋಡಿದರೆ ಬೇರೆಯೇ ಒಂದು ಸಂಸಾರ ಕಾಣುತ್ತದೆ.

ಸೂರಿಗೆ ತೂಗುಹಾಕಿದ ಜೋಳದ ತೆನೆಗೆ ಮೊದಲು ಬರುವುದು ಗುಬ್ಬಚ್ಚಿ. ಕೊರಳಲ್ಲಿ ಕಪ್ಪು ಕಲೆ ಇದ್ದರೆ ಗಂಡು, ಮಾಸಲು ಕಂದು ಬಣ್ಣದ್ದು ಹೆಣ್ಣು. ನೆಲಕ್ಕುದುರಿದ ಕಾಳು ಬೆಳವಕ್ಕಿ ಮತ್ತು ಅಳಿಲಿನ ಪಾಲು. ನುಗ್ಗೆಯ ಹೂವಿಗೆ ಸೂರಕ್ಕಿ ಎರಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಾಲ ಕುಣಿಸುತ್ತ ಹುಳ ಹೆಕ್ಕುವ ಸಿಪಿಲೆ ಚಳಿಗಾಲದ ವಲಸೆಗಾರ. ಮರಾಠಿಯಲ್ಲಿ ಭೋರಡಿ ಎನ್ನುವ ಗುಲಾಬಿ ಮೈನಾ ಮಧ್ಯ ಏಷ್ಯಾದ ಕಡೆಯಿಂದ ಬಂದು, ಬೇಸಿಗೆ ಏರುವಷ್ಟರಲ್ಲಿ ಮರಳುತ್ತದೆ. ಅದು ಜೋಳವನ್ನೂ ತಿನ್ನುತ್ತದೆ, ಬೆಳೆ ತಿನ್ನುವ ಮಿಡತೆಯನ್ನೂ ತಿನ್ನುತ್ತದೆ. ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ರೈತನೇ ಮನೆಯಲ್ಲಿ ಅದೇ ತೆನೆಯನ್ನು ಹಕ್ಕಿಗೆಂದು ಕಟ್ಟುವುದರಲ್ಲಿ ವಿರೋಧವೇನೂ ಇಲ್ಲ. ಒಂದು ಹೊಟ್ಟೆಪಾಡು, ಇನ್ನೊಂದು ಜೀವದಯೆ.

2025ರ ಜುಲೈಯಲ್ಲಿ ಮಠದ ಆನೆ ಗುಜರಾತಿಗೆ ಹೊರಟಾಗ ಊರಿಗೆ ಊರೇ ಕಣ್ಣೀರಿಟ್ಟು ಬೀಳ್ಕೊಟ್ಟಿತು. ದೊಡ್ಡ ಜೀವದ ಅಗಲಿಕೆ ಎಲ್ಲರಿಗೂ ತಿಳಿಯುತ್ತದೆ. ಸೂರಿನ ಗುಬ್ಬಚ್ಚಿ ಒಂದು ದಿನ ಬರುವುದನ್ನು ಬಿಟ್ಟರೆ ಅದಕ್ಕೆ ಮೆರವಣಿಗೆಯಿಲ್ಲ. ಎಣಿಸಿದವರಿಗೆ ಮಾತ್ರ ಅದು ಹೋದದ್ದು ಗೊತ್ತಾಗುತ್ತದೆ.

ಅಂಥ ಎಣಿಕೆಯೊಂದು 1998ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಈ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಭಾರತವು 2013ರಿಂದ ಪಾಲ್ಗೊಳ್ಳುತ್ತಿದೆ. ಕನಿಷ್ಠ 15 ನಿಮಿಷ ಒಂದೆಡೆ ಕುಳಿತು, ಕಂಡ ಹಕ್ಕಿಗಳ ಹೆಸರು ಮತ್ತು ಸಂಖ್ಯೆಯನ್ನು ಬರೆದರೆ ಸಾಕು. ಗುಬ್ಬಚ್ಚಿ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದ್ದು, ಮಹಾನಗರಗಳಲ್ಲಿ ಇಳಿದಿದೆಯೆಂದು 2020ರ ರಾಷ್ಟ್ರೀಯ ವರದಿ ಹೇಳಿತು. ಹೀಗೆ ಹೇಳಲು ಆಧಾರವಾದದ್ದು ಹವ್ಯಾಸಿಗಳು ಬರೆದಿಟ್ಟ ಇಂಥ ಲೆಕ್ಕಗಳೇ. ಶಾಲೆಯ ಮಗುವೊಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದ ಪಟ್ಟಿಯೂ ಮುಂದಿನ ವರ್ಷ ಹೋಲಿಸಿ ನೋಡುವುದಕ್ಕೆ ಆಧಾರವಾದೀತು.

ದಯೆಗೂ ತಿಳಿವಳಿಕೆ ಬೇಕು. ಉಪ್ಪು ಬೆರೆಸಿದ, ಎಣ್ಣೆಯಲ್ಲಿ ಕರಿದ ತಿಂಡಿ ಹಕ್ಕಿಗೆ ಹಿತವಲ್ಲ. ಕುಳಿತುಣ್ಣುವ ತಟ್ಟೆ ಕೊಳಕಾದರೆ ರೋಗ ಹರಡುತ್ತದೆ. ನೀರಿನ ಪಾತ್ರೆ ಆಳವಿಲ್ಲದೆ ಅಗಲವಾಗಿರಬೇಕು, ನೀರನ್ನು ನಿತ್ಯ ಬದಲಿಸಬೇಕು, ಬೆಕ್ಕು ಅಡಗುವ ಜಾಗದಿಂದ ಅದು ದೂರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುಬ್ಬಚ್ಚಿ ತನ್ನ ಮರಿಗೆ ಮೊದಮೊದಲು ಉಣಿಸುವುದು ಕಾಳನ್ನಲ್ಲ, ಹುಳುಹುಪ್ಪಟೆಯನ್ನು. ಹಿತ್ತಲಿನ ಗಿಡಕ್ಕೆಲ್ಲ ಕೀಟನಾಶಕ ಸಿಂಪಡಿಸಿ ಸೂರಿಗೆ ತೆನೆ ಕಟ್ಟಿದರೆ ತಾಯಿಯ ಹೊಟ್ಟೆ ತುಂಬೀತು, ಮರಿಯ ಬಾಯಿ ಬರಿದಾಗಿಯೇ ಉಳಿದೀತು. ಒಂದು ಮೂಲೆಯಲ್ಲಿ ದಾಸವಾಳ, ತುಳಸಿ, ಹೀರೆಬಳ್ಳಿ ವಿಷವಿಲ್ಲದೆ ಬೆಳೆದರೆ ಅದೇ ನಿಜವಾದ ಅನ್ನಛತ್ರ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಸೂರಿನ ತೆನೆ ಬರಿದಾಗಿರುತ್ತದೆ, ಗುಬ್ಬಚ್ಚಿಯ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಇರುತ್ತದೆ. ಹಂಚಿನ ಸಂದಿ ಮುಚ್ಚಿದ ಹೊಸ ಮನೆಗಳ ಮುಂದೆ ಅದು ಎರಡು ಬಾರಿ ಸುತ್ತಿ, ಮುಂದಿನ ಮನೆಗೆ ಹಾರುತ್ತದೆ. ಯಾರ ಮನೆಯಲ್ಲಿ ಒಂದು ಹಿಡಿಯಷ್ಟು ಪೊಟರೆ ಉಳಿದಿದೆಯೋ, ಮುಂದಿನ ವರ್ಷದ ಪಟ್ಟಿ ಅಲ್ಲಿಂದಲೇ ಆರಂಭವಾಗುತ್ತದೆ.