ಐಲಾ: ಹೊಗೆಯೇ ರುಚಿಯಾದ ದ್ವೀಪ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಕೆನಾಕ್ರೇಗ್ ಎಂಬಲ್ಲಿ ಹಡಗು ಹತ್ತಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಐಲಾ ದ್ವೀಪದ ಪೋರ್ಟ್ ಎಲೆನ್ ಬರುತ್ತದೆ. ಇಂಗ್ಲಿಷ್ ಕಾಗುಣಿತ ನೋಡಿ ‘ಇಸ್ಲೇ’ ಎಂದು ಓದುವವರೇ ಹೆಚ್ಚು. ಊರವರ ಬಾಯಲ್ಲಿ ಮಾತ್ರ ಅದು ಐಲಾ. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಬಂದರಿನಿಂದ ಕಡಲಂಚಿನ ರಸ್ತೆ ಹಿಡಿದು ಪೂರ್ವಕ್ಕೆ ಐದಾರು ಕಿಲೋಮೀಟರ್ ನಡೆಯುವಷ್ಟರಲ್ಲಿ ಬಿಳಿಗೋಡೆಯ ಮೂರು ಭಟ್ಟಿಗಳು ಸಿಗುತ್ತವೆ: ಲಫ್ರೋಯ್ಗ್, ಲಗಾವುಲಿನ್, ಆರ್ಡ್‌ಬೆಗ್. ಮೂರೂ 1815–16ರ ಕಾಲದವು. ಸಮುದ್ರಕ್ಕೆ ಮುಖ ಮಾಡಿದ ಗೋಡೆಗಳ ಮೇಲೆ ಆಳೆತ್ತರದ ಕಪ್ಪಕ್ಷರಗಳಲ್ಲಿ ಅವುಗಳ ಹೆಸರು.

ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಯಲ್ಲಿ ತಯಾರಾಗಿ, ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿದ ವಿಸ್ಕಿ. ರಾಗಿ ನೆನೆಸಿ ಮೊಳಕೆ ಕಟ್ಟಿಸಿ ಮಾಲ್ಟ್ ಮಾಡುವ ಮನೆಯವರಿಗೆ ಮೊದಲರ್ಧ ಹೊಸತೇನಲ್ಲ. ಮೊಳೆತ ಕಾಳನ್ನು ಒಣಗಿಸಲು ಉರುವಲು ಬೇಕು. ಮರಗಳೇ ವಿರಳವಾದ ಈ ದ್ವೀಪದಲ್ಲಿ ಸೌದೆಯೆಲ್ಲಿ? ಇದ್ದದ್ದು ಪೀಟ್. ಹಾವಸೆ, ಹೆದರ್ ಗಿಡಗಳು ನೀರು ನಿಂತ ಜೌಗಿನಲ್ಲಿ ಗಾಳಿ ಸಿಗದೆ, ಪೂರ್ತಿ ಕೊಳೆಯದೆ, ಪದರಪದರವಾಗಿ ಕೂತು ಆದ ಕಪ್ಪು ಮಣ್ಣು ಅದು. ಇಟ್ಟಿಗೆಯಂತೆ ಕತ್ತರಿಸಿ ಬೇಸಿಗೆಯ ಗಾಳಿಗೆ ಒಣಗಿಸಿದರೆ ಉರಿಯುತ್ತದೆ. ಉರಿಗಿಂತ ಹೊಗೆ ಜಾಸ್ತಿ. ಆ ಹೊಗೆಯಲ್ಲಿನ ಫೀನಾಲ್‌ಗಳು ಇನ್ನೂ ಹಸಿಯಾಗಿರುವ ಕಾಳಿಗೆ ಅಂಟಿಕೊಳ್ಳುತ್ತವೆ. ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದರೂ ಹಿಡಿಯದು.

ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಮೊದಲು ಬರುವುದು ಆಸ್ಪತ್ರೆಯ ವಾಸನೆ! ಅನೇಕರು ಅಲ್ಲಿಗೇ ಕೆಳಗಿಟ್ಟುಬಿಡುತ್ತಾರೆ. ಅವಸರ ಬೇಡ. ಬಾಯಿ ತುಸು ತೆರೆದು, ಮೆಲ್ಲನೆ ಮತ್ತೊಮ್ಮೆ ಮೂಸಿದರೆ ಟಾರು ಬಳಿದ ಹಗ್ಗ, ಕಡಲಕಳೆ, ಮಲೆನಾಡಿನ ಬಚ್ಚಲೊಲೆಯ ಹೊಗೆ. ಒಂದು ಸಣ್ಣ ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿದಾಗ ಹೊಗೆಯ ಹಿಂದಿನಿಂದ ಬಾರ್ಲಿಯ ಸಿಹಿ ನಿಧಾನವಾಗಿ ಇಣುಕುತ್ತದೆ. ಐಸ್ ಹಾಕುವುದು ತಪ್ಪು. ತಣ್ಣಗಾದಷ್ಟೂ ಪರಿಮಳ ಏಳುವುದಿಲ್ಲ. ನಾಲ್ಕು ಹನಿ ನೀರು ಮಾತ್ರ ಸರಿ. ಇದಕ್ಕೆ ಕಾರಣವೂ ಉಂಟು. ಹೊಗೆಯ ಘಮಕ್ಕೆ ಮುಖ್ಯವಾದ ಗ್ವಾಯಕಾಲ್ ಎಂಬ ಅಣು ಮದ್ಯಸಾರ ಹೆಚ್ಚಿರುವಾಗ ಅದರೊಳಗೇ ಹುದುಗಿರುತ್ತದೆ, ನೀರು ಬೆರೆತಂತೆ ಮೇಲ್ಮೈಗೆ ಬರುತ್ತದೆ ಎಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಎರಡನೆಯ ಪೆಗ್ಗಿಗೆ ಮೂಗು ಮಂಕಾಗುತ್ತದೆ. ರುಚಿ ನೋಡುವವನಿಗೆ ಅದರ ಅಗತ್ಯವೂ ಇಲ್ಲ.

ಈ ಹೊಗೆ ದೂರ ಹೋಗಬಲ್ಲದು. ಬೆಂಗಳೂರಿನ ಅಮೃತ್ ಸಂಸ್ಥೆಯ ‘ಫ್ಯೂಷನ್’ ವಿಸ್ಕಿಗೆ ಪೀಟ್ ಹೊಗೆಯುಂಡ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬರುತ್ತದೆ. ಆದರೆ ಹೊಗೆ ಕೊಟ್ಟ ನೆಲ ಮತ್ತೆ ತುಂಬುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಮೀಟರ್ ಆಳದ ಒಂದು ಗುಂಡಿ ಎಂದರೆ ಸಾವಿರ ವರ್ಷ.

1985ರಲ್ಲಿ ಐಲಾದ ಡೂಯಿಕ್ ಮಾಸ್ ಎಂಬ ಜೌಗಿನಲ್ಲಿ ಪೀಟ್ ಕಡಿಯಲು ವಿಸ್ಕಿ ಉದ್ಯಮ ಹೊರಟಾಗ ಜಗಳವೇ ಎದ್ದಿತು. ಗ್ರೀನ್‌ಲೆಂಡಿನಿಂದ ಚಳಿಗಾಲ ಕಳೆಯಲು ಬರುವ ಬಿಳಿಹಣೆಯ ಹೆಬ್ಬಾತುಗಳು ರಾತ್ರಿ ತಂಗುವ ಜಾಗ ಅದು. ಪಕ್ಷಿಗಳ ಪರವಾಗಿ ಮಾತಾಡಲು ಬಂದ ಸಸ್ಯವಿಜ್ಞಾನಿ ಡೇವಿಡ್ ಬೆಲಮಿ ಅವರನ್ನು ಸಭೆಯಲ್ಲಿ ಊರವರು ಕೂಗಾಡಿ ತಡೆದರು. ಅವರ ಸಿಟ್ಟು ಸುಳ್ಳಲ್ಲ. ಮೂರು ಸಾವಿರ ಜನರ ದ್ವೀಪದಲ್ಲಿ ಭಟ್ಟಿಯ ಕೆಲಸ ಹೋದರೆ ಬೇರೆ ಕೆಲಸ ಎಲ್ಲಿದೆ? ಕಡೆಗೆ ಬೇರೆ ಕಡೆಯಿಂದ ಪೀಟ್ ಕಡಿಯುವುದೆಂದಾಯಿತು. ಡೂಯಿಕ್ ಸಂರಕ್ಷಿತ ನೆಲವಾಯಿತು. ಭಟ್ಟಿಗಳೂ ಮುಚ್ಚಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಹೆಬ್ಬಾತುಗಳು ಬಂದಿಳಿಯುವಾಗ ದಕ್ಷಿಣ ತೀರದ ಗಾಳಿಯಲ್ಲಿ ಪೀಟ್ ಹೊಗೆಯ ವಾಸನೆ ಈಗಲೂ ಇರುತ್ತದೆ.